ಹೊಟ್ಟೆ ಕೊಯ್ಯದೆ ಜಠರದ ಗಡ್ಡೆ ತೆಗೆಯುವ ವಿದ್ಯೆ

ಜಠರದಲ್ಲಿ ಬೆಳೆಯುವ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಲೋಳೆಪೊರೆಯ ಪಾಲಿಪ್, ಅದರಡಿಯ ಕೊಬ್ಬಿನ ಗಡ್ಡೆ, ಸ್ನಾಯುಪದರದ ಲಿಯೋಮಯೋಮ ಬಹುಪಾಲು ನಿರುಪದ್ರವಿ. ಆದರೆ ರಕ್ತ ಒಸರಿದರೆ, ಆಹಾರದ ದಾರಿ ಕಟ್ಟಿದರೆ ತೆಗೆಯಬೇಕು. 1960ರ ದಶಕದವರೆಗೆ ಅದಕ್ಕಿದ್ದದ್ದು ಹೊಟ್ಟೆ ಕೊಯ್ಯುವ ದಾರಿಯೊಂದೇ. ಕಡಲೆಕಾಳಿನಷ್ಟು ಗಡ್ಡೆಗೂ ಗೇಣುದ್ದದ ಗಾಯ, ಮೂಗಿಗೆ ನಳಿಗೆ, ದಿನಗಟ್ಟಲೆ ಆಸ್ಪತ್ರೆವಾಸ.

ಕೈಗಿಂತ ಮೊದಲು ಕಣ್ಣು ಒಳಗೆ ಹೋಯಿತು. 1950ರ ಸುಮಾರಿಗೆ ಜಪಾನಿನಲ್ಲಿ ರೂಪುಗೊಂಡ ಗ್ಯಾಸ್ಟ್ರೋಕ್ಯಾಮೆರಾ ಜಠರದ ಚಿತ್ರ ತೆಗೆಯುತ್ತಿತ್ತು. ಒಳಗಿದ್ದದ್ದು ಫಿಲಂ ತೊಳೆದ ಮೇಲೆಯೇ ತಿಳಿಯುತ್ತಿತ್ತು. 1957ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬೇಸಿಲ್ ಹಿರ್ಷೋವಿಟ್ಸ್ ತೋರಿಸಿದ ಗಾಜಿನೆಳೆಯ ಎಂಡೋಸ್ಕೋಪ್ ನೇರ ನೋಟ ಕೊಟ್ಟಿತು. ಆ ದಶಕ ಕಳೆದು ಮುಂದಿನದು ಮುಗಿಯುವಷ್ಟರಲ್ಲಿ ಜಪಾನಿನ ವೈದ್ಯರು ತಂತಿಯ ಕುಣಿಕೆಯಿಂದ ಪಾಲಿಪ್ ಕತ್ತರಿಸತೊಡಗಿದ್ದರು. ತೊಟ್ಟಿದ್ದ ಪಾಲಿಪ್‌ಗೆ ಕುಣಿಕೆ ಸಾಕು, ಚಪ್ಪಟೆಯದು ಜಾರಿಹೋಗುತ್ತಿತ್ತು. 1980ರ ದಶಕದಲ್ಲಿ ಅಡಿಗೆ ಸಲೈನ್ ಚುಚ್ಚಿ ಅದನ್ನು ಉಬ್ಬಿಸುವ ಕ್ರಮ ಬಂತು. 1990ರ ದಶಕದಲ್ಲಿ ತುದಿಗೆ ಪಿಂಗಾಣಿ ಗುಂಡಿರುವ ವಿದ್ಯುತ್ ಚಾಕು ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ಬಳಕೆಗೆ ಬಂತು. ಗುಂಡಿಗೆ ಕರೆಂಟ್ ಹರಿಯದ್ದರಿಂದ ಗೋಡೆ ತೂತಾಗುವ ಭಯ ತಗ್ಗಿತು. ಆರಂಭದ ಕ್ಯಾನ್ಸರ್‌ಗೆಂದು ಹುಟ್ಟಿದ, ಚಾಕುವಿನಿಂದ ಕೆತ್ತಿ ತೆಗೆಯುವ ಈ ಕ್ರಮ ನಿರುಪದ್ರವಿ ಗಡ್ಡೆಗಳಿಗೂ ಒದಗಿತು.

ಸ್ನಾಯುಪದರದ ಗಡ್ಡೆಗಳು ಮಾತ್ರ ಬಹುಕಾಲ ಕೈಗೆಟುಕಲಿಲ್ಲ. ಅವನ್ನು ಕೆತ್ತಿದರೆ ಗೋಡೆಯೇ ತೂತಾಗುತ್ತದೆ. 2008ರಲ್ಲಿ ಯೊಕೊಹಾಮಾದ ಹರುಹಿರೊ ಇನೊಯೆ ಅನ್ನನಾಳದ ಲೋಳೆಪೊರೆಯಡಿ ಸುರಂಗ ಕೊರೆದು ಅದರ ಬಿಗಿ ಸ್ನಾಯುವನ್ನು ಬಿಡಿಸಿದರು. ಆ ಸುರಂಗವನ್ನೇ ಶಾಂಘೈನ ಝೋಂಗ್‌ಶಾನ್ ಆಸ್ಪತ್ರೆಯ ವೈದ್ಯರು ಗಡ್ಡೆ ತೆಗೆಯಲು ಬಳಸಿದರು. ಗಡ್ಡೆಯಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಲೋಳೆಪೊರೆ ಸೀಳಿ, ಅದರಡಿಯಲ್ಲೇ ನುಗ್ಗಿ, ಗಡ್ಡೆ ಬಿಡಿಸಿ ಹೊರತಂದು, ಸುರಂಗದ ಬಾಯಿಗೆ ಕ್ಲಿಪ್ ಹಾಕುತ್ತಾರೆ. ಗಡ್ಡೆಯ ಮೇಲಿನ ಪೊರೆ ಅಖಂಡವಾಗಿ ಉಳಿಯುವುದರಿಂದ ಕೆಳಗೆ ಸ್ನಾಯು ತೂತಾದರೂ ಜಠರದ ರಸ ಸೋರದು. ಇಡೀ ಕಸುಬಿನಲ್ಲಿ ಇದಕ್ಕಿಂತ ಜಾಣ ಯೋಚನೆ ಬಂದಿಲ್ಲ. ಆದರೂ ಇದಕ್ಕೆ ಮಿತಿಯಿದೆ: ಗಡ್ಡೆ ಅನ್ನನಾಳದ ಮೂಲಕವೇ ಹೊರಬರಬೇಕು. ತೀರ ದೊಡ್ಡವಕ್ಕೆ ಲ್ಯಾಪರೋಸ್ಕೋಪಿಯ ನೆರವು ಬೇಕು.

ಇಷ್ಟರ ನಡುವೆ ಗಡ್ಡೆಯ ಗುರುತೇ ಬದಲಾಗಿತ್ತು. ಹಿಂದೆ ಲಿಯೋಮಯೋಮ ಎಂದು ಬರೆದಿಟ್ಟ ಎಷ್ಟೋ ಗಡ್ಡೆಗಳು ಜಿಸ್ಟ್ ಎಂಬ, ಕ್ಯಾನ್ಸರಾಗಿ ಹರಡಬಲ್ಲ ಬಗೆಯವು ಎಂಬುದು 1998ರಲ್ಲಿ ಜಪಾನಿನ ಸಂಶೋಧಕರು ಕಿಟ್ ಜೀನ್‌ನ ದೋಷ ಗುರುತಿಸಿದ ಮೇಲೆ ಸ್ಪಷ್ಟವಾಯಿತು. ಹಾಗಾಗಿ ಈಗ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆ ಯಾವ ಪದರದ್ದೆಂದು ನೋಡಿಯೇ ಮುಂದುವರಿಯುತ್ತಾರೆ. 2 ಸೆಂ.ಮೀ.ಗಿಂತ ಚಿಕ್ಕದಾಗಿ, ಸಂಶಯದ ಲಕ್ಷಣವಿಲ್ಲದಿದ್ದರೆ ಹಲವು ವೇಳೆ ತೆಗೆಯದೆ ಕಾಲಕಾಲಕ್ಕೆ ನೋಡುತ್ತಿರುತ್ತಾರೆ. ತೆಗೆದರೆ ಮೇಲಿನ ಕವಚ ಒಡೆಯದಂತೆ ಇಡಿಯಾಗಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.