ಎರಡೇ ನಿಮಿಷ, ಬಂದೆ

"ಎರಡೇ ನಿಮಿಷ, ಬಂದೆ" ಅನ್ನೋ ಮಾತನ್ನು ನಾನು ದಿನಕ್ಕೆ ಎಷ್ಟು ಸಲ ಹೇಳ್ತಿದ್ದೆನೋ ಲೆಕ್ಕವಿಲ್ಲ. ಅಮ್ಮ ಊಟಕ್ಕೆ ಕರೆದಾಗ, ಆಫೀಸಿನ ಮೀಟಿಂಗ್ ಶುರುವಾದಾಗ, ಕೆಳಗೆ ಕ್ಯಾಬ್ ಬಂದು ನಿಂತಾಗ. ಆ ಎರಡು ನಿಮಿಷ ನನ್ನದಲ್ಲ, ಕಾಯುತ್ತಿರುವವರದ್ದು ಅಂತ ಗೊತ್ತಾಗೋಕೆ ನಾನು ಅಟ್ಲಾಂಟಿಕ್ ಸಾಗರದ ನಡುಮಧ್ಯಕ್ಕೆ ಹೋಗಬೇಕಾಯಿತು.

ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಲಾ ಗೊಮೆರಾ ಅಂತ ಒಂದಿದೆ. ಡಿಸೆಂಬರ್ ಬಂತೆಂದರೆ ಅಲ್ಲಿಂದ ಪುಟ್ಟ ಪುಟ್ಟ ದೋಣಿಗಳು ಕೆರಿಬಿಯನ್ ಸಮುದ್ರದ ಆಂಟಿಗುವಾ ಕಡೆಗೆ ಹೊರಡುತ್ತವೆ. ದೂರ ಸುಮಾರು 4,800 ಕಿಲೋಮೀಟರ್. ಹಾಯಿ ಇಲ್ಲ, ಇಂಜಿನ್ ಇಲ್ಲ. ಬೆನ್ನಿಗೆ ಗಾಳಿ, ಕೈಯಲ್ಲಿ ಹುಟ್ಟು, ಅಷ್ಟೇ. ಈ ಹುಚ್ಚು ಇವತ್ತಿನದಲ್ಲ. 1896ರಲ್ಲೇ ಹಾರ್ಬೊ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ಇಬ್ಬರು 18 ಅಡಿಯ ತೆರೆದ ದೋಣಿಯಲ್ಲಿ ನ್ಯೂಯಾರ್ಕಿನಿಂದ ಹೊರಟು, 55 ದಿನ ಹುಟ್ಟು ಹಾಕಿ, ಇಂಗ್ಲೆಂಡಿನ ಸಿಲಿ ದ್ವೀಪ ಮುಟ್ಟಿದ್ದರು.

ನಾನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ವಾರಾಂತ್ಯಕ್ಕೆ ನದಿಯಲ್ಲಿ ದೋಣಿ ನಡೆಸೋ ಕ್ಲಬ್ ಸೇರಿದ್ದೆ. ಅಲ್ಲಿನ ನಾಲ್ವರ ತಂಡವೊಂದರಲ್ಲಿ ಒಬ್ಬರು ಹಿಂದೆ ಸರಿದರು. "ಬರ್ತೀಯಾ?" ಅಂದರು. ಒಂದೂವರೆ ವರ್ಷದ ತಯಾರಿಯ ನಂತರ, ಸಂಬಳವಿಲ್ಲದ ರಜೆ ಹಾಕಿ ಹೊರಟೇಬಿಟ್ಟೆ.

ದೋಣಿಯ ಉದ್ದ ಎಂಟೂವರೆ ಮೀಟರ್. ನಮ್ಮ ಬಿಎಂಟಿಸಿ ಬಸ್ಸಿಗಿಂತ ಚಿಕ್ಕದು. ಅಗಲ ಎರಡು ಮೀಟರ್ ಕೂಡ ಇಲ್ಲ. ಮುಂದೊಂದು, ಹಿಂದೊಂದು ಗೂಡಿನಂಥ ಕ್ಯಾಬಿನ್. ಎದ್ದು ಕೂತರೆ ತಲೆ ತಾಗುತ್ತೆ. ನಡುವೆ ಹುಟ್ಟು ಹಾಕೋ ಸೀಟುಗಳು. ಇಷ್ಟರಲ್ಲೇ ನಾಲ್ಕು ಜನ, ಅರವತ್ತು ದಿನದ ಊಟ, ಉಪ್ಪುನೀರನ್ನು ಕುಡಿಯೋ ನೀರು ಮಾಡುವ ಯಂತ್ರ, ಸೋಲಾರ್ ಪ್ಯಾನೆಲ್, ಬ್ಯಾಟರಿ.

ಎರಡು ಗಂಟೆ ಇಬ್ಬರು ಹುಟ್ಟು ಹಾಕಬೇಕು, ಇನ್ನಿಬ್ಬರಿಗೆ ವಿಶ್ರಾಂತಿ. ಆಮೇಲೆ ಅದಲು ಬದಲು. ಹಗಲಿಲ್ಲ, ರಾತ್ರಿಯಿಲ್ಲ, ಭಾನುವಾರವೂ ಇಲ್ಲ. ನನ್ನ ಸೀಟಿಗೆ ಬದಲಿ ಬರುತ್ತಿದ್ದವರು ಐವತ್ತೆರಡು ವರ್ಷದ ನಿವೃತ್ತ ಗಣಿತ ಶಿಕ್ಷಕಿ. ಟೀಚರ್ ಅಂತಲೇ ಕರೆಯೋಣ. ನಮ್ಮಿಬ್ಬರಿಗೂ ಒಂದೇ ಸೀಟು, ಒಂದೇ ಹಾಸಿಗೆ. ಅವರು ಎದ್ದಾಗ ಹಾಸಿಗೆ ಬೆಚ್ಚಗಿರುತ್ತಿತ್ತು, ನಾನು ಎದ್ದಾಗ ಸೀಟು. ದಿನಕ್ಕೆ ಹನ್ನೆರಡು ಸಲ ಎದುರಾಗುತ್ತಿದ್ದೆವು, ಪ್ರತಿ ಸಲ ಒಂದೆರಡು ನಿಮಿಷ.

ಆ ಎರಡು ಗಂಟೆಯ ವಿಶ್ರಾಂತಿ ಬರೀ ನಿದ್ದೆಗಲ್ಲ. ಮೊದಲು ಮೈ ಮೇಲಿನ ಉಪ್ಪು ಒರೆಸಬೇಕು. ಬಿಟ್ಟರೆ ಕೂರುವ ಜಾಗದಲ್ಲಿ ಹುಣ್ಣಾಗುತ್ತೆ. ಆಮೇಲೆ ಕ್ರೀಮ್ ಹಚ್ಚಬೇಕು. ಒಣಗಿಸಿದ ಊಟದ ಪೊಟ್ಟಣಕ್ಕೆ ಬಿಸಿನೀರು ಸುರಿದು ಕಾಯಬೇಕು. ಶೌಚಕ್ಕೆ ಬಕೆಟ್ಟೇ ಗತಿ, ಅಲೆಯ ನಡುವೆ ಅದೂ ಒಂದು ಸರ್ಕಸ್ಸು. ಎಲ್ಲ ಮುಗಿದು ಕಣ್ಣು ಮುಚ್ಚೋಕೆ ಸಿಗೋದು ಒಂದೂವರೆ ಗಂಟೆ. ಅಷ್ಟರಲ್ಲಿ ಹೊರಗಿನಿಂದ ಕೂಗು: "ಹತ್ತು ನಿಮಿಷ!" ಏಳಬೇಕು, ಸುರಕ್ಷತೆಯ ಹಗ್ಗ ಕಟ್ಟಿಕೊಳ್ಳಬೇಕು, ಸರಿಯಾದ ಹೊತ್ತಿಗೆ ಸೀಟಿನ ಪಕ್ಕ ಇರಬೇಕು.

ಸಾಹಸ ಅಂದರೆ ಸಿನಿಮಾ ಥರ ಇರುತ್ತೆ ಅಂದುಕೊಂಡಿದ್ದೆ. ಬಹುಪಾಲು ಅದು ಮನೆಗೆಲಸವೇ. ಬೆಳಿಗ್ಗೆ ಡೆಕ್ಕಿನ ಮೇಲೆ ಸತ್ತುಬಿದ್ದ ಹಾರುಮೀನುಗಳನ್ನು ಎತ್ತಿ ಹಾಕೋದು. ವಾರಕ್ಕೊಮ್ಮೆ ಸಮುದ್ರಕ್ಕಿಳಿದು, ದೋಣಿಯ ತಳಕ್ಕೆ ಅಂಟಿದ ಚಿಪ್ಪುಜೀವಿಗಳನ್ನು ಕೆರೆದು ತೆಗೆಯೋದು, ಇಲ್ಲದಿದ್ದರೆ ದೋಣಿಯ ವೇಗ ಇಳಿಯುತ್ತೆ. ಕಾಲ ಕೆಳಗೆ ಕಿಲೋಮೀಟರುಗಟ್ಟಲೆ ಆಳ ಅನ್ನೋದನ್ನು ಆಗ ನೆನಪಿಸಿಕೊಳ್ಳಬಾರದು. ಇನ್ನೊಂದು ವಿಷಯ, ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಹಾಗಾಗಿ 41 ದಿನವೂ ನಾನು ನೋಡಿದ್ದು ಬಿಟ್ಟು ಬಂದ ನೀರನ್ನೇ.

ಮೂವತ್ತನೇ ದಿನ. ನಾನು ಕ್ಯಾಬಿನ್ನಿನಿಂದ ಹೊರಬಂದಾಗ ಟೀಚರ್ ಸೀಟು ಬಿಟ್ಟು ಏಳಲಿಲ್ಲ.

"ನೀನು ಪ್ರತಿ ಸಲ ಎರಡು ನಿಮಿಷ ತಡ," ಅಂದರು. "ದಿನಕ್ಕೆ ಆರು ಸಲ. ಮೂವತ್ತು ದಿನ. ಎಷ್ಟಾಯ್ತು?"

ನಾನು ಸುಮ್ಮನಿದ್ದೆ.

"360 ನಿಮಿಷ. ಆರು ಗಂಟೆ. ಒಂದೂವರೆ ಗಂಟೆಯ ನನ್ನ ನಿದ್ದೆಗಳಲ್ಲಿ ನಾಲ್ಕನ್ನು ನೀನು ತಿಂದಿದ್ದೀಯ."

ಕ್ಯಾಬಿನ್ನಿನ ಗೋಡೆ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗೀಟುಗಳಿದ್ದವು. ದಿನಗಳನ್ನು ಎಣಿಸುತ್ತಿದ್ದಾರೆ ಅಂದುಕೊಂಡಿದ್ದೆ. ಎಣಿಸುತ್ತಿದ್ದದ್ದು ನನ್ನನ್ನು.

ನನಗೆ ಸಿಟ್ಟು ಬಂತು, ತಪ್ಪು ಒಪ್ಪಿಕೊಳ್ಳಬೇಕು ಅಂತ ಮಾತ್ರ ಅನ್ನಿಸಲಿಲ್ಲ. ಸಮುದ್ರದ ಮಧ್ಯೆ ಕೂತು ನಿಮಿಷಕ್ಕೆ ಲೆಕ್ಕ ಇಡೋ ಹೆಂಗಸು! "ಆಫೀಸಿನ ಅಟೆಂಡೆನ್ಸ್ ಇಲ್ಲೂ ಬಂತಾ?" ಅಂದೆ. ಅವರು ಉತ್ತರ ಕೊಡದೆ ಒಳಗೆ ಹೋದರು.

ಮಾತು ನಿಂತಿತು. ನಾಲ್ಕು ದಿನ. ಬೇಜಾರಾಯಿತು ಅಂತ ಎದ್ದು ಹೊರಗೆ ಹೋಗೋ ಹಾಗಿಲ್ಲ, ಫೋನ್ ನೋಡುತ್ತಾ ಮುಖ ತಿರುಗಿಸೋ ಹಾಗೂ ಇಲ್ಲ. "ಹತ್ತು ನಿಮಿಷ" ಅನ್ನೋ ಕೂಗು ಒಂದೇ ಉಳಿಯಿತು. ಉಳಿದಿಬ್ಬರು ತಮಾಷೆ ಮಾಡಿ ನೋಡಿದರು, ಆಮೇಲೆ ಅವರೂ ಸುಮ್ಮನಾದರು. ನಾನು ಹಟಕ್ಕೆ ಬಿದ್ದವನಂತೆ ಆಗಲೂ ಎರಡು ನಿಮಿಷ ತಡವಾಗಿಯೇ ಬರುತ್ತಿದ್ದೆ. ಹೇಳೋಕೆ ಈಗ ನಾಚಿಕೆಯಾಗುತ್ತೆ.

ಆ ದಿನಗಳಲ್ಲಿ ಒಬ್ಬನೇ ಬಂದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ಅನನ್ಯಾ ಪ್ರಸಾದ್ ಇದೇ ದಾರಿಯನ್ನು ಒಬ್ಬರೇ ದಾಟಿದ್ದು ನೀವು ಓದಿರಬಹುದು. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. 2024ರ ಡಿಸೆಂಬರಿನಲ್ಲಿ ಹೊರಟು 52 ದಿನಗಳಲ್ಲಿ ಆಂಟಿಗುವಾ ಸೇರಿದರು. ಅವರಿಗೆ ಇಂಥ ಕಿರಿಕಿರಿ ಇರಲಿಲ್ಲವಲ್ಲ ಅಂತ ಹೊಟ್ಟೆಕಿಚ್ಚು ಪಟ್ಟಿದ್ದೆ. ಅವರು ಮಲಗಿದಾಗ ಅವರ ಹುಟ್ಟನ್ನು ಹಿಡಿಯೋರೂ ಯಾರೂ ಇರಲಿಲ್ಲ ಅನ್ನೋದು ಆಗ ಹೊಳೆಯಲಿಲ್ಲ.

ಮೂವತ್ಮೂರನೇ ದಿನ ತೊಡೆಯ ಹಿಂದಿನ ಉಪ್ಪುಹುಣ್ಣು ಕೀವಾಗಿ ಜ್ವರ ಬಂತು. ಮಾತ್ರೆ ನುಂಗಿ ಮಲಗಿದೆ. ನನ್ನ ಪಾಳಿ ರಾತ್ರಿ ಎರಡು ಗಂಟೆಗೆ. ಎಚ್ಚರವಾಗಿ ಗಡಿಯಾರ ನೋಡಿದರೆ 2:35. ಎದೆ ಧಸಕ್ಕೆಂದಿತು. ಬೈಗುಳಕ್ಕೆ ಸಿದ್ಧನಾಗಿ ಬಾಗಿಲು ತೆಗೆದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಟೀಚರ್ ಇನ್ನೂ ಹುಟ್ಟು ಹಾಕುತ್ತಲೇ ಇದ್ದರು.

"ಯಾಕೆ ಕರೀಲಿಲ್ಲ?"

"ಕರೆದೆ. ನೀನು ಏಳಲಿಲ್ಲ. ಹಣೆ ಮುಟ್ಟಿ ನೋಡಿದೆ, ಸುಡ್ತಾ ಇತ್ತು."

ಅಷ್ಟೇ. ಅವರು ಎದ್ದರು. ವಾರಗಟ್ಟಲೆ ಹುಟ್ಟು ಹಿಡಿದರೆ ಬೆರಳುಗಳು ಕೊಕ್ಕೆಯ ಹಾಗೆ ಮಡಚಿಕೊಂಡುಬಿಡುತ್ತವೆ, ಬಿಚ್ಚೋಕೆ ಬರೋದಿಲ್ಲ. ನನಗೂ ಹಾಗಾಗುತ್ತಿತ್ತು. ಆದರೆ ಇನ್ನೊಬ್ಬರ ಕೈ ಕಡೆ ನಾನು ಗಮನ ಕೊಟ್ಟಿರಲಿಲ್ಲ. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಟೀಚರ್ ಕ್ಯಾಬಿನ್ನಿನ ಅಂಚಿಗೆ ಕೈ ಒತ್ತಿ, ಒಂದೊಂದೇ ಬೆರಳನ್ನು ಬಿಡಿಸಿಕೊಳ್ಳುತ್ತಿದ್ದರು. ಹತ್ತು ಬೆರಳು ಬಿಡಿಸಿ, ಕೊಂಡಿ ತಿರುಗಿಸೋಕೆ ಬಹಳ ಹೊತ್ತು ಬೇಕಾಯಿತು. ನಾನು ತಡ ಮಾಡಿದ ಪ್ರತಿ ಎರಡು ನಿಮಿಷದ ಆಚೆ ಇಷ್ಟೊಂದಿತ್ತು.

ಮರುದಿನ ಸಂಕ್ರಾಂತಿ. ನನಗದು ನೆನಪಿದ್ದದ್ದು ಅಮ್ಮ ಕೊಟ್ಟ ಡಬ್ಬಿಯಿಂದ. ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿಯ ಜೊತೆ ಒಂದು ಸಣ್ಣ ಪೊಟ್ಟಣದಲ್ಲಿ ಎಳ್ಳುಬೆಲ್ಲ ಕಟ್ಟಿ, "ಹಬ್ಬದ ದಿನ ನಾಲ್ಕು ಜನಕ್ಕೂ ಕೊಡು" ಅಂದಿದ್ದಳು. ಪಾಳಿ ಬದಲಾಗೋ ಹೊತ್ತಿಗೆ ಐದು ನಿಮಿಷ ಮುಂಚೆ ಹೊರಬಂದು ಟೀಚರ್ ಮುಂದೆ ಕೈ ಚಾಚಿದೆ.

"ಏನಿದು?"

"ನಮ್ಮ ಕಡೆ ಇದನ್ನು ತಿಂದು ಒಳ್ಳೆಯ ಮಾತಾಡಬೇಕು ಅಂತಾರೆ."

ಅವರು ಬೆರಳು ಬಿಡಿಸಿಕೊಂಡು ಎಳ್ಳು ಬಾಯಿಗೆ ಹಾಕಿಕೊಂಡರು. ಕೊಬ್ಬರಿ ಚೂರನ್ನು ತುಂಬಾ ಹೊತ್ತು ಅಗಿದರು.

"ಒಳ್ಳೆಯ ಮಾತು ಅಂದರೆ, ನೀನು ಇವತ್ತು ಬೇಗ ಬಂದಿದ್ದೀಯ," ಅಂದರು.

"ತಪ್ಪಾಯ್ತು," ಅಂದೆ. ಆ ಮಾತನ್ನು ಹೇಳೋಕೆ ಎರಡು ಸೆಕೆಂಡೂ ಬೇಕಾಗಲಿಲ್ಲ.

ಅಲ್ಲಿಂದ ಏಳು ದಿನಕ್ಕೆ ಆಂಟಿಗುವಾದ ಇಂಗ್ಲಿಷ್ ಹಾರ್ಬರ್ ತಲುಪಿದೆವು. ಹತ್ತು ಕಿಲೋ ಇಳಿದಿದ್ದೆ. ನೆಲಕ್ಕೆ ಕಾಲಿಟ್ಟರೆ ನೆಲವೇ ಓಲಾಡುತ್ತಿತ್ತು. ಸಾಮಾನು ಇಳಿಸುವಾಗ ಕ್ಯಾಬಿನ್ನಿನ ಗೋಡೆ ನೋಡಿದೆ. ನನ್ನ ತಡದ ಗೀಟುಗಳು ಹಾಗೇ ಇದ್ದವು. ಮಳೆಯ ರಾತ್ರಿ ಅವರು ನನಗೆ ಕೊಟ್ಟ 35 ನಿಮಿಷ ಮಾತ್ರ ಎಲ್ಲೂ ಬರೆದಿರಲಿಲ್ಲ.

ಮೊನ್ನೆ ರಜೆಗೆ ಮನೆಗೆ ಬಂದಿದ್ದೆ. ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ಅಡುಗೆಮನೆಯಿಂದ ಅಮ್ಮ ಕೂಗಿದಳು, "ದೋಸೆ ಆಗಿದೆ, ಬಾರೋ."

ಹಳೇ ಚಾಳಿ. "ಎರಡೇ ನಿಮಿಷ" ಅನ್ನೋದು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ತಲೆ ಎತ್ತಿ ನೋಡಿದೆ. ಒಲೆ ಮುಂದೆ, ಇನ್ನೊಂದು ದೋಸೆಗೆ ಹಿಟ್ಟು ಹಿಡಿದು, ಒಂದು ಕೈ ಸೊಂಟದ ಮೇಲಿಟ್ಟು ನಿಂತಿದ್ದಳು. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ.