ಕೆರೆಯ ಮೇಲೆ ಊರು, ಊರಿನ ಮೇಲೆ ಕೆರೆ

ನೀಲಗಿರಿಗೆ ಬರುವ ಯಾತ್ರಿಕರೆಲ್ಲರೂ ಮೊದಲು ವಿಚಾರಿಸುವುದು ಉದಕಮಂಡಲದ ಕೆರೆಯನ್ನು. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಅರವಂಕಾಡಿಗೆ ಬರುವ ನಮ್ಮ ನೆಂಟರಿಷ್ಟರೂ ಇದಕ್ಕೆ ಹೊರತಲ್ಲ. ಬಂದವರು ಕಾಫಿ ಮುಗಿಸುವುದರೊಳಗಾಗಿ ‘ಲೇಕಿಗೆ ಯಾವಾಗ ಹೋಗೋಣ?’ ಎಂದು ಕೇಳಿಯೇ ಕೇಳುವರು. ನಾವೂ ಸಂತೋಷದಿಂದ ಕರೆದುಕೊಂಡು ಹೋಗುತ್ತೇವೆ. ಅವರು ದೋಣಿ ಹತ್ತುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ, ತೃಪ್ತರಾಗಿ ಹಿಂದಿರುಗುತ್ತಾರೆ. ಆದರೆ ಈ ಬೆಟ್ಟದ ನೆತ್ತಿಯ ಮೇಲೆ ಕೆರೆ ಹೇಗೆ ಬಂದಿತು, ಅದರ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಅಪರೂಪ. ಕೇಳಿದ್ದರೆ, ಆ ನೀರಿನ ಜಾಡು ಹಿಡಿದು ನಾವು ಕನ್ನಡನಾಡಿನ ಚರಿತ್ರೆಯ ಒಂದು ಮೂಲೆಯನ್ನು ಮುಟ್ಟಬಹುದಾಗಿತ್ತು.

ಬೆಟ್ಟಗಳ ನಡುವೆ ಸರೋವರವೊಂದು ಇರಬೇಕೆಂಬ ಕಲ್ಪನೆ ತಣ್ಣನೆಯ ದೇಶಗಳವರಿಗೆ ಸಹಜವಾದುದು. ಸ್ಕಾಟ್ಲೆಂಡಿನ ಲಾಖ್ ಲೋಮಂಡ್ ಸರೋವರವನ್ನೇ ತೆಗೆದುಕೊಳ್ಳೋಣ. ವಿಸ್ತಾರದಲ್ಲಿ ಅದು ಬ್ರಿಟನ್ ದ್ವೀಪದ ಸಿಹಿನೀರಿನ ಸರೋವರಗಳಲ್ಲೆಲ್ಲ ದೊಡ್ಡದು. ಇಪ್ಪತ್ತು ಮೈಲಿಗೂ ಮಿಕ್ಕ ಉದ್ದ, ಸುಮಾರು 27 ಚದರ ಮೈಲಿಗಳ ಹರವು. ಹಿಮಯುಗದಲ್ಲಿ ಹಿಮನದಿಗಳು ನೆಲವನ್ನು ಉತ್ತು ಆಳವಾಗಿಸಿದ ಕಣಿವೆಯಲ್ಲಿ ನೀರು ನಿಂತು ಅದು ಉಂಟಾಯಿತು. ಅದರ ಉತ್ತರದ ತುದಿ ಬೆಟ್ಟಗಳ ನಡುವೆ ಇಕ್ಕಟ್ಟಾಗಿದೆ. ದಕ್ಷಿಣದಲ್ಲಿ ಬಯಲು ತೆರೆದು, ನೀರು ಅಗಲವಾಗಿ ದ್ವೀಪಗಳನ್ನು ಬಳಸಿಕೊಂಡಿದೆ. ದಡದಲ್ಲಿ 3,196 ಅಡಿ ಎತ್ತರದ ಬೆನ್ ಲೋಮಂಡ್ ಶಿಖರವಿದೆ. 1263ರಲ್ಲಿ ನಾರ್ವೆಯವರು ತಮ್ಮ ಹಡಗುಗಳನ್ನು ಕಡಲ ಚಾಚಿನಿಂದ ನೆಲದ ಮೇಲೆ ಎಳೆದು ತಂದು ಈ ಸರೋವರಕ್ಕೆ ಇಳಿಸಿ, ದಡದ ಊರುಗಳನ್ನು ಸೂರೆಗೊಂಡರು. 1306ರಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ದೊರೆ ರಾಬರ್ಟ್ ಬ್ರೂಸನು ಚಿಕ್ಕ ದೋಣಿಯಲ್ಲಿ ಇದನ್ನು ದಾಟಿದನೆಂದು ಪ್ರತೀತಿ. ಇಂಚ್‌ಕೇಲಖ್ ಎಂಬ ದ್ವೀಪದಲ್ಲಿ ಹಳೆಯ ಇಗರ್ಜಿಯ ಅವಶೇಷವೂ ಮ್ಯಾಕ್‌ಗ್ರೆಗರ್ ಕುಲದವರ ಸಮಾಧಿಗಳೂ ಇವೆ. ಹೀಗೆ ಅಲ್ಲಿ ಸರೋವರ ಮೊದಲು, ಚರಿತ್ರೆ ಅನಂತರ. ಚರಿತ್ರೆಯೆಲ್ಲ ದಡದಲ್ಲಿಯೂ ದ್ವೀಪಗಳಲ್ಲಿಯೂ ಕಣ್ಣಿಗೆ ಕಾಣುವಂತೆ ಕುಳಿತಿದೆ.

ನೀಲಗಿರಿಯ ಮೇಲೆ ಹಿಮನದಿಗಳು ಹರಿದುದಿಲ್ಲ. ಇಲ್ಲಿ ಸಹಜವಾಗಿದ್ದುದು ಹುಲ್ಲುಗಾವಲು, ಮಡಿಕೆಮಡಿಕೆಯಾದ ಕಣಿವೆಗಳಲ್ಲಿ ಶೋಲಾ ಕಾಡು, ತಗ್ಗಿನಲ್ಲಿ ಜೌಗು. ಇಂದು ನಾವು ಕಾಣುವ ದೊಡ್ಡ ಜಲರಾಶಿಗಳು, ಪೈಕಾರ, ಅವಲಾಂಚಿ, ಎಮರಾಲ್ಡ್, ಮೇಲ್ಭವಾನಿ, ಎಲ್ಲವೂ ಮನುಷ್ಯರು ಕಟ್ಟಿದವು. ಇವುಗಳಲ್ಲಿ ಉದಕಮಂಡಲದ ಕೆರೆಯೇ ಹಿರಿಯದು. ಕೊಯಮುತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ, 1822ರಲ್ಲಿ ತೋಡರ ಮಂದೆಗಳ ನಡುವೆ ಕಲ್ಲಿನ ಬಂಗಲೆಗೆ ಕೈಹಾಕಿ, 1823ರಲ್ಲಿ ಈ ಕೆರೆಯ ಕೆಲಸವನ್ನು ಆರಂಭಿಸಿದನು. ಅದು 1825ರಲ್ಲಿ ಮುಗಿಯಿತು. ತನ್ನ ದೇಶದ ಸರೋವರಗಳ ನೆನಪು ಅವನನ್ನು ಕಾಡಿತೋ ಏನೋ ನಾವು ಅರಿಯೆವು. ಆದರೆ ಒಂದು ಸ್ವಾರಸ್ಯವುಂಟು. ಆಸೆ ಯಾವ ದೇಶದ್ದೇ ಆಗಲಿ, ಉಪಾಯ ಮಾತ್ರ ನಮ್ಮದು. ಕಣಿವೆಗೆ ಅಡ್ಡಲಾಗಿ ಏರಿ ಹಾಕುವುದು, ಹಳ್ಳಗಳ ನೀರನ್ನು ತಡೆದು ನಿಲ್ಲಿಸುವುದು, ಹೆಚ್ಚಾದುದನ್ನು ಕೋಡಿಯಲ್ಲಿ ಬಿಡುವುದು, ಇದು ನಮ್ಮ ನಾಡಿನ ಕೆರೆಗಳನ್ನು ಕಟ್ಟಿದ ರೀತಿಯೇ ಅಲ್ಲವೆ? ಇಂಗ್ಲಿಷಿನಲ್ಲಿ ‘ಲೇಕ್’ ಎಂದರೂ ಹುಟ್ಟಿನಲ್ಲಿ ಅದು ಕೆರೆಯೇ.

ಕೆರೆಗೆ ಒದಗುವ ಕಷ್ಟಗಳು ಇದಕ್ಕೂ ಒದಗಿದವು. ಊರು ಬೆಳೆದಂತೆ ಕೆರೆ ಕುಗ್ಗಿತು. ಮೇಲ್ಭಾಗದ ನೀರನ್ನು ಒತ್ತರಿಸಿ ನೆಲ ಮಾಡಿದರು; ಅಲ್ಲಿ ಕುದುರೆ ಪಂದ್ಯದ ಬಯಲೂ ಮುಂದೆ ಬಸ್ಸು ನಿಲ್ದಾಣವೂ ಬಂದವು. ಈಗ ಉಳಿದಿರುವುದು ಸುಮಾರು 65 ಎಕರೆ. ಕೋಡಪ್ಪಮಂದಿನ ಕಾಲುವೆಯು ಊರಿನ ಕೊಳೆಯನ್ನು ತಂದು ಇದಕ್ಕೇ ಸುರಿದಿದೆ. ಬಸ್ಸಿನಿಂದ ಇಳಿದು ‘ಕೆರೆ ಎಲ್ಲಿ?’ ಎಂದು ಕೇಳುವ ಯಾತ್ರಿಕರು ನಿಂತಿರುವುದು ಹಳೆಯ ಕೆರೆಯ ಅಂಗಳದಲ್ಲಿಯೇ ಎಂಬುದು ಅವರಿಗೆ ತಿಳಿಯದು.

ಇನ್ನು ಕೆರೆಯಿಂದ ಹೊರಬಿದ್ದ ನೀರು ಎತ್ತ ಹೋಗುತ್ತದೆ? ಅದು ಸ್ಯಾಂಡಿನಲ್ಲದ ಕಡೆಗೆ ಹರಿದು, ಸೀಗೂರು ಹೊಳೆಯ ಸೀಮೆಯಲ್ಲಿ ಇಳಿದು ಮೋಯಾರನ್ನು ಸೇರುವ ನೀರು. ನಮ್ಮ ಅರವಂಕಾಡಿನ ಛಾವಣಿಗಳ ಮೇಲೆ ಸುರಿದ ಮಳೆಯ ದಾರಿಯೇ ಬೇರೆ. ಅದು ಹಳ್ಳಗಳಲ್ಲಿ ಕೂಡಿ ಕೂನೂರು ಹೊಳೆಯಾಗಿ, ರೈಲುದಾರಿಯ ಮಗ್ಗುಲಲ್ಲಿಯೇ ಘಟ್ಟವನ್ನಿಳಿದು, ಮೆಟ್ಟುಪಾಳ್ಯದ ಬಳಿ ಭವಾನಿಯನ್ನು ಕೂಡುತ್ತದೆ. ಬೆಟ್ಟದ ಬಡಗಣ ಮಗ್ಗುಲಲ್ಲಿ ಮೋಯಾರು, ತೆಂಕಣ ಮಗ್ಗುಲಲ್ಲಿ ಭವಾನಿ. ಎರಡೂ ಬೆಟ್ಟವನ್ನು ಬಳಸಿ ಬಂದು ಮೂಡಲಿನ ಬಯಲಿನಲ್ಲಿ ಒಂದಾಗುತ್ತವೆ. ಆ ಸಂಗಮದಲ್ಲಿಯೇ ದಣಾಯಕನ ಕೋಟೆ ಇದ್ದುದು.

ದಣಾಯಕರೆಂದರೆ ದಂಡನಾಯಕರು. ಹೊಯ್ಸಳರಿಗೂ ಈ ಬೆಟ್ಟಗಳಿಗೂ ಇದ್ದ ಸಂಬಂಧ ಹಳೆಯದು. ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ ಬಸದಿಯ 1117ರ ಶಾಸನ ಹೇಳುತ್ತದೆ. ತೋಡರ ಹೆಸರು ಬರಹದಲ್ಲಿ ಮೊದಲು ದೊರೆಯುವುದು ಆ ಕನ್ನಡ ಶಾಸನದಲ್ಲಿಯೇ. ಎರಡು ಶತಮಾನಗಳ ಅನಂತರ, ತೆರಕಣಾಂಬಿಯಿಂದ ಆಳುತ್ತಿದ್ದ ಪೆರುಮಾಳೆ ದಣಾಯಕನ ಮಗ ಮಾಧವ ದಣಾಯಕನು ನೀಲಗಿರಿಯನ್ನು ಸಾಧಿಸಿದವನೆಂಬ ಬಿರುದನ್ನು ಧರಿಸಿದನು. ಗೋಪಾಲಸ್ವಾಮಿ ಬೆಟ್ಟದ ದೇವರನ್ನು 1315ರಲ್ಲಿ ಪ್ರತಿಷ್ಠಿಸಿದವನೂ ಅವನೇ. ಸಂಗಮದ ಕೋಟೆಯ ಹೆಸರಿನಲ್ಲಿ ಉಳಿದಿದ್ದುದು ಈ ಮನೆತನದ ನೆನಪು. ಕೋಟೆಯೊಳಗಿನ ಗುಡಿಯ ದೇವರಿಗೂ ಮಾಧವ ಪೆರುಮಾಳೆಂದೇ ಹೆಸರು.

ಬಹುಕಾಲ ನೀಲಗಿರಿಗೆ ಆ ಕೋಟೆಯೇ ಹೆಬ್ಬಾಗಿಲು. 1799ರಲ್ಲಿ ಟಿಪ್ಪೂ ಸುಲ್ತಾನನು ಮಡಿದು ಬೆಟ್ಟವು ಇಂಗ್ಲಿಷರ ಕೈಸೇರಿದಾಗ ಅದು ದಣಾಯಕನ ಕೋಟೆಯ ತಾಲ್ಲೂಕಿಗೆ ಸೇರಿದ ಸೀಮೆಯಾಗಿತ್ತು. ಬಡಗಣ ಸೀಮೆಯಿಂದ ಬಂದು ಬೆಟ್ಟದ ಮೇಲೆ ಹಟ್ಟಿಗಳನ್ನು ಕಟ್ಟಿಕೊಂಡು ‘ಬಡಗ’ರೆನಿಸಿದ ನಮ್ಮ ನೆರೆಯವರು ಕಂದಾಯ ಸಲ್ಲಿಸುತ್ತಿದ್ದುದು ಆ ಕೆಳಗಿನ ಕಚೇರಿಗೆ. 1800ರಲ್ಲಿ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸದಲ್ಲಿ ಅಲ್ಲಿ ತಂಗಿದ್ದನು. ಎಂದರೆ, ನಾವು ಇಂದು ಕೊಂಡಾಡುವ ಕೆರೆಯ ಚರಿತ್ರೆ ಇನ್ನೂರು ವರ್ಷದ್ದು. ನಾವು ಮರೆತ ಕೋಟೆಯದು ಅದಕ್ಕಿಂತ ಎಷ್ಟೋ ಹಿಂದಿನದು.

ಆ ಕೋಟೆ ಈಗ ಎಲ್ಲಿ? 1948ರಲ್ಲಿ ಆರಂಭವಾಗಿ 1955ರಲ್ಲಿ ಮುಗಿದ ಭವಾನಿಸಾಗರದ ಅಣೆಕಟ್ಟು ಸಂಗಮದ ಕೆಳಗೆ ನದಿಯನ್ನು ತಡೆಯಿತು. ಐದು ಮೈಲಿಗೂ ಉದ್ದವಾದ ಮಣ್ಣಿನ ಏರಿ ಅದು. ಹಿಂದೆ ನಿಂತ ನೀರಿನಲ್ಲಿ ಕೋಟೆಯೂ ಗುಡಿಯೂ ಮುಳುಗಿದವು. ಇದಕ್ಕಾಗಿ ಯಾರನ್ನೂ ದೂರುವುದು ನಮ್ಮ ಅಭಿಪ್ರಾಯವಲ್ಲ. ಆ ನೀರು ಎರಡು ಲಕ್ಷ ಎಕರೆಗೂ ಮಿಕ್ಕ ಹೊಲಗದ್ದೆಗಳನ್ನು ನೆನೆಸಿದೆ. ಹಸಿದವರಿಗೆ ಅನ್ನ ಕೊಟ್ಟ ಕೆರೆಯನ್ನು ಕಟ್ಟಿದವರನ್ನು ನಮ್ಮ ಹಿರಿಯರು ಶಾಸನ ಬರೆಸಿ ಹೊಗಳಿದ್ದಾರೆಯೇ ಹೊರತು ಹಳಿದಿಲ್ಲ. ಮಳೆ ಹೋಗಿ ಜಲಾಶಯ ತೀರ ಬತ್ತಿದ ವರ್ಷಗಳಲ್ಲಿ ಮಾಧವ ಪೆರುಮಾಳಿನ ಗುಡಿಯ ಕಲ್ಲುಕಂಬಗಳು ಕೆಸರಿನಿಂದ ತಲೆಯೆತ್ತುವುದುಂಟು. ಬಯಲಿನ ರೈತನಿಗೆ ಅದು ಬರಗಾಲದ ಗುರುತು. ಗುಡಿ ಕಾಣಲೆಂದು ಹಾರೈಸುವಂತೆಯೂ ಇಲ್ಲ, ಕಾಣದಿರಲೆಂದು ಸುಮ್ಮನಿರುವಂತೆಯೂ ಇಲ್ಲ. ನಮ್ಮ ಸಂಕಟ ಇಂತಹುದು.

ಲೋಮಂಡಿನ ದಡದವರಿಗೆ ಈ ಸಂಕಟವಿಲ್ಲ. ಅವರು ಮಕ್ಕಳಿಗೆ ದ್ವೀಪವನ್ನು ಬೆರಳಿನಿಂದ ತೋರಿಸಿ ಕಥೆ ಹೇಳಬಲ್ಲರು. ನಮಗೆ ತೋರಿಸಲು ನೀರಲ್ಲದೆ ಬೇರೆ ಇಲ್ಲ. ಮೇಲಿನ ಊರು ಕೆರೆಯನ್ನು ಮುಚ್ಚಿತು. ಕೆಳಗಿನ ಕೆರೆ ಊರನ್ನು ಮುಚ್ಚಿತು. ಮೊದಲನೆಯದರ ಕಥೆಯನ್ನು ಹೇಳಲು ಪ್ರವಾಸಿಗಳ ಕೈಪಿಡಿಗಳಿವೆ. ಎರಡನೆಯದನ್ನು ಹೇಳುವವರು ಯಾರು? ಕಲ್ಲು ಕಣ್ಣಿಗೆ ಬಿದ್ದರೆ ತಾನೇ ಮಾತನಾಡೀತು. ನೀರಿನಡಿಯ ಕಲ್ಲಿನ ಪರವಾಗಿ ಬದುಕಿರುವವರೇ ಮಾತನಾಡಬೇಕು. ಬೆಟ್ಟದ ಮೇಲೆ ನೆಲಸಿದ ಕನ್ನಡಿಗರಾದ ನಾವೂ ಸುಮ್ಮನಾದರೆ, ಮುಂದಿನ ತಲೆಮಾರಿಗೆ ನೀಲಗಿರಿಯ ಚರಿತ್ರೆ ಸಲಿವನ್ ಸಾಹೇಬನಿಂದಲೇ ಮೊದಲಾಗುವುದು.

ಆದುದರಿಂದ ನಮ್ಮ ಸಂಘದ ಬಾಂಧವರಲ್ಲಿ ಒಂದು ವಿಜ್ಞಾಪನೆ. ಭವಾನಿಸಾಗರದ ಹಿನ್ನೀರಿನ ಸುತ್ತ ಆನೆಗಳು ತಿರುಗುವ ಕಾಡು. ಅಲ್ಲಿಗೆ ಮನಸ್ಸು ಬಂದಂತೆ ಹೋಗಲಾಗದು, ಹೋಗಲೂ ಬಾರದು. ಆದರೆ ಅಣೆಕಟ್ಟಿನವರೆಗೆ ಹೋಗಿ ಬರುವುದು ಒಂದು ದಿನದ ಮಾತು. ಅದೂ ಕೂಡದಿದ್ದರೆ, ಮುಂದಿನ ಸಲ ನೆಂಟರೊಡನೆ ಉದಕಮಂಡಲದ ಕೆರೆಗೆ ಹೋದಾಗ, ದೋಣಿ ಇಳಿದ ಮೇಲೆ ಮಕ್ಕಳನ್ನು ಹತ್ತಿರ ಕರೆದು, ಈ ನೀರು ಇಲ್ಲಿಂದ ಹೊರಟು ಯಾವ ಕೋಟೆಯ ಮೇಲೆ ಹೋಗಿ ನಿಲ್ಲುತ್ತದೆ ಎಂಬುದನ್ನು ಹೇಳೋಣ. ಅದಕ್ಕೆ ಐದು ನಿಮಿಷ ಸಾಕು.