ಮೂರು ಗಂಟೆಯಲ್ಲಿ ಹುಟ್ಟಿ ಸತ್ತ ಭಾಷೆ

ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನಡೆದ ಸಂಗತಿಯೊಂದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೇನೆ. ಹಿಂಜರಿದದ್ದಕ್ಕೆ ಕಾರಣವಿದೆ. ಇದನ್ನು ಓದುವವರಲ್ಲಿ ಹಲವರು ನನ್ನ ಹಳೆಯ ವಿದ್ಯಾರ್ಥಿಗಳು. ಸಂಗತಿ ಅವರಿಗೇ ಸಂಬಂಧಿಸಿದ್ದು.

ನನ್ನ ಅಳಿಯನಿಗೆ ಒಂದು ವಿಚಿತ್ರ ಹವ್ಯಾಸವುಂಟು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತನಾಡುತ್ತ, ಕಥೆ ಕಟ್ಟುವ ಆಟ ಅದು. ಈ ಬಗೆಯ ಆಟಗಳಲ್ಲಿ ಹೆಸರುವಾಸಿಯಾದದ್ದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್'. ರಾಕ್ಷಸರನ್ನು ಕೊಂದು ನಿಧಿ ಗಳಿಸುವ ಆ ಆಟದಲ್ಲಿ ಅಳಿಯನಿಗೆ ಆಸಕ್ತಿಯಿಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬಿಬ್ಬರೇ ರಚಿಸಿ ಅಚ್ಚು ಹಾಕಿಸುವ, ಹೆಚ್ಚು ಜನರಿಗೆ ಹೆಸರೇ ತಿಳಿಯದ ಆಟಗಳನ್ನು ಅವನು ಹುಡುಕಿ ತರುತ್ತಾನೆ. ನಮ್ಮಲ್ಲಿ ಕೈಯಿಂದ ಹಣ ಹಾಕಿ ಸಾಹಿತ್ಯದ ಸಣ್ಣ ಪತ್ರಿಕೆ ನಡೆಸುತ್ತಿದ್ದವರ ಜಾತಿಯೇ ಇದು ಎನಿಸಿತು.

ಕುಂದಾಪುರದ ಕಡೆಯವರಿಗೆ ತಾಳಮದ್ದಳೆ ಎಂದರೆ ಥಟ್ಟನೆ ತಿಳಿದೀತು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಅರ್ಥಧಾರಿ ಕರ್ಣನಾಗುತ್ತಾನೆ. ಆದರೆ ಅಲ್ಲಿ ಪ್ರಸಂಗ ಗೊತ್ತಿರುತ್ತದೆ, ಭಾಗವತರಿರುತ್ತಾರೆ, ಎದುರಿಗೆ ಪ್ರೇಕ್ಷಕರಿರುತ್ತಾರೆ. ನಾವು ಆಡಿದ ಆಟದಲ್ಲಿ ಇದಾವುದೂ ಇಲ್ಲ. ಸೋಲು ಗೆಲುವೂ ಇಲ್ಲ.

ಮಳೆ ಹಿಡಿದ ಒಂದು ಶನಿವಾರ ಗೆಳೆಯರು ಬರಲಾಗದೆ ಆಟ ನಿಲ್ಲುವ ಸ್ಥಿತಿ ಬಂತು. "ಮಾವ, ಇದು ಭಾಷೆಯ ಆಟ, ನೀವೇ ಬನ್ನಿ" ಎಂದ ಅಳಿಯ. ಹದಿನಾಲ್ಕು ವರ್ಷದ ಮೊಮ್ಮಗ, ಮಗಳು, ಅಳಿಯ, ನಾನು, ಹೀಗೆ ನಾಲ್ವರಾದೆವು. ಆಟದ ಹೆಸರು 'ಡಯಲೆಕ್ಟ್'. ಕ್ಯಾಥರಿನ್ ಹೈಮ್ಸ್ ಮತ್ತು ಹಕನ್ ಸೆಯಾಲಿಯೋಗ್ಲು ರಚಿಸಿ 2018ರಲ್ಲಿ ಹೊರತಂದದ್ದು. ಹೊರಜಗತ್ತಿನಿಂದ ದೂರವಾದ ಒಂದು ಸಣ್ಣ ಸಮುದಾಯದಲ್ಲಿ ಭಾಷೆಯೊಂದು ಹೇಗೆ ಹುಟ್ಟಿ ಹೇಗೆ ಸಾಯುತ್ತದೆ ಎಂಬುದೇ ಅದರ ವಸ್ತು.

ನಾವು ಮಂಗಳ ಗ್ರಹದ ನೆಲೆಯೊಂದನ್ನು ಆರಿಸಿಕೊಂಡೆವು. ಭೂಮಿಯ ಸಂಪರ್ಕ ಕಡಿದುಹೋಗಿದೆ. ಆ ಸಮುದಾಯದ ಸ್ವಭಾವವನ್ನು ಹೇಳುವ ಮೂರು ಸಂಗತಿಗಳನ್ನು ಮೊದಲು ಚೀಟಿಯಲ್ಲಿ ಬರೆದು ಮೇಜಿನ ನಡುವೆ ಇಡಬೇಕು. ಉಸಿರಿಗೂ ಲೆಕ್ಕ, ಯಾರೂ ಒಂಟಿಯಾಗಿ ಹೊರಗೆ ಹೋಗುವುದಿಲ್ಲ, ಭೂಮಿಯ ಮಾತೆತ್ತಬಾರದು. ಇವು ನಮ್ಮ ಮೂರು. ಬಳಿಕ ಸರದಿಯಂತೆ ಒಬ್ಬೊಬ್ಬರೂ ಕಾರ್ಡು ಆಡಿ, ಅದು ಕೇಳಿದ ಅರ್ಥಕ್ಕೆ ಹೊಸ ಪದವೊಂದನ್ನು ಎಲ್ಲರೊಡನೆ ಸೇರಿ ಕಟ್ಟಬೇಕು. ಕೂಡಲೇ ಆ ಪದವನ್ನು ಬಳಸಿ ಪಾತ್ರಗಳಾಗಿ ಸಂಭಾಷಿಸಬೇಕು. ಆಮ್ಲಜನಕದ ಕೋಣೆಗೆ ಅಳಿಯ 'ಉಸಿರ್ಮನೆ' ಎಂದ. ಇಂಗ್ಲಿಷಿನಲ್ಲೇ ಯೋಚಿಸುವ ಮೊಮ್ಮಗ ಎಲ್ಲೆಲ್ಲೂ ಹಾರುವ ಧೂಳಿಗೆ 'ಕೆಂಪಿ' ಎಂದದ್ದು ಕೇಳಿ ನನಗೆ ಹಿಗ್ಗೋ ಹಿಗ್ಗು. ನಿಘಂಟಿನಲ್ಲಿಲ್ಲದ ಪದವನ್ನು ನಾನು ಹಾಗೆ ಮೆಚ್ಚಿದ್ದು ಅದೇ ಮೊದಲಿರಬೇಕು.

ನನ್ನ ಸರದಿಯಲ್ಲಿ ಬೀಳ್ಕೊಡುವಾಗ ಆಡುವ ಮಾತೊಂದು ಬೇಕಾಯಿತು. ಸಂಸ್ಕೃತದ ಸಮಾಸಗಳೇ ತಲೆಯಲ್ಲಿ ಸುತ್ತಿದವು. ಆಗ ಮಗಳು ಮೆಲ್ಲನೆ, "ಅಪ್ಪ, 'ಕಾಂಬ' ಅಂತ ಇಟ್ಟರೆ?" ಎಂದಳು. ಹೊರಗೆ ಹೋದವರು ಮರಳುವುದು ಖಚಿತವಿಲ್ಲದ ನೆಲೆಯಲ್ಲಿ, ಕಾಂಬ, ನೋಡೋಣ. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ, ಆದರೆ ಅವಳ ಮುಖ ನೋಡಲಾಗಲಿಲ್ಲ. ಮೈಸೂರು ಸೀಮೆಯ ನಾನು ಕುಂದಾಪುರದ ಕಡೆಯ ಪ್ರೌಢಶಾಲೆಗೆ ಕನ್ನಡ ಮೇಷ್ಟ್ರಾಗಿ ಹೋದವನು. ನೆರೆಮಕ್ಕಳೊಡನೆ ಕಲಿತು ಬಂದ ಆ ಪದಗಳನ್ನು ಮನೆಯಲ್ಲಿ ಆಡಕೂಡದೆಂದು ಅವಳನ್ನು ಗದರಿಸುತ್ತಿದ್ದವನು ನಾನೇ.

ಆಟದ ಕೊನೆಯ ಘಟ್ಟದಲ್ಲಿ ಭೂಮಿಯಿಂದ ನೌಕೆ ಬಂತು. ಅದರಲ್ಲಿ ಬಂದ ಶಿಕ್ಷಕ ನಮ್ಮ ಮೊಮ್ಮಗ. ನೆಲೆಯ ಮುದುಕನಾಗಿದ್ದ ನಾನು ಹೊರಡುತ್ತ "ಕಾಂಬ" ಎಂದಾಗ ಅವನು ಬಲು ಮರ್ಯಾದೆಯಿಂದ ಹೇಳಿದ: "ಹಾಗನ್ನಬಾರದು ತಾತ. ಸರಿಯಾಗಿ ಹೇಳಿ." ಅವನಿಗೆ ಏನೂ ತಿಳಿಯದು, ಪಾತ್ರವನ್ನಷ್ಟೇ ಆಡುತ್ತಿದ್ದ. ನನಗೆ ಮಾತು ಹೊರಡಲಿಲ್ಲ. "ತಾತ, ಈಗ ನೀವು ಉತ್ತರ ಕೊಡಬೇಕು" ಎಂದು ಎರಡು ಸಲ ನೆನಪಿಸಿದ.

1990ರ ಸುಮಾರು, ಒಂಬತ್ತನೆಯ ತರಗತಿ. ತಮ್ಮೂರಿನ ಮಳೆಗಾಲದ ಬಗ್ಗೆ ಪ್ರಬಂಧ. ಹುಡುಗನೊಬ್ಬ ಬರೆದಿದ್ದ: ಅಬ್ಬಿ ಗದ್ದೆಗೆ ಹೋಯ್ಕ್ ಅಂದ್ಲ್, ನಾನು ನೆರೆ ಕಾಂಬುಕೆ ಓಡ್ದೆ. ಕೆಂಪು ಶಾಯಿಯಲ್ಲಿ ಗೀಟು ಎಳೆದುದಷ್ಟೇ ಅಲ್ಲ, ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ. ಅದೇ ವಾರ ನಡುಗನ್ನಡದ ಪದ್ಯ ಪಾಠ ಮಾಡುತ್ತ 'ಕಾಂಬ', 'ಉಂಬ' ಎಂಬ ರೂಪಗಳ ಸೊಗಸನ್ನು ಅದೇ ಹುಡುಗರೆದುರು ಹೊಗಳಿದ್ದೆ. ಏಳೆಂಟು ನೂರು ವರ್ಷಗಳ ಹಿಂದಿನ ಆ ರೂಪ ಮೂರನೆಯ ಬೆಂಚಿನಲ್ಲಿ ಜೀವಂತವಾಗಿ ಕುಳಿತದ್ದು ನನ್ನ ಗಮನಕ್ಕೆ ಬರಲೇ ಇಲ್ಲ. ಮುಂದಿನ ಪ್ರಬಂಧದಲ್ಲಿ ಆ ಹುಡುಗ ಮಳೆಯು ಪ್ರಕೃತಿಯ ವರದಾನವೆಂದು ಬರೆದ. ತಪ್ಪೊಂದೂ ಇರಲಿಲ್ಲ. ಅಬ್ಬಿಯೂ ಇರಲಿಲ್ಲ, ನೆರೆಯೂ ಇರಲಿಲ್ಲ. ಪೂರ್ಣ ಅಂಕ ಕೊಟ್ಟೆ.

ಪರೀಕ್ಷೆಗೆ, ಅರ್ಜಿಗೆ ಶಿಷ್ಟ ಕನ್ನಡ ಬೇಕೆಂಬುದನ್ನು ನಾನು ಇಂದಿಗೂ ಅಲ್ಲಗಳೆಯುವುದಿಲ್ಲ. ಆದರೆ ತಾಯಿಯ ಮಾತನ್ನು ಬರೆಯಲು ಆ ಹುಡುಗನಿಗೆ ಅದರ ಅಗತ್ಯವೇನಿತ್ತು?

ಆಟದ ಮೇಲೂ ನನ್ನದೊಂದು ಆಕ್ಷೇಪವಿದೆ: ಮೂರು ಗಂಟೆಯಲ್ಲಿ ಭಾಷೆ ಸತ್ತರೆ ದುಃಖ ಎಲ್ಲರಿಗೂ ಕಾಣುತ್ತದೆ, ನಿಜದಲ್ಲಿ ಅದು ತಲೆಮಾರುಗಳಷ್ಟು ನಿಧಾನ. 2010ರ ಜನವರಿಯಲ್ಲಿ ಅಂಡಮಾನಿನಲ್ಲಿ ಬೋವಾ ಸೀನಿಯರ್ ಎಂಬ ವೃದ್ಧೆ ತೀರಿಕೊಂಡಾಗ ಬೋ ಭಾಷೆ ಅವರೊಂದಿಗೇ ಹೋಯಿತು. ಆ ಭಾಷೆಯಲ್ಲಿ ಮಾತನಾಡಲು ಕೊನೆಯ ವರ್ಷಗಳಲ್ಲಿ ಅವರಿಗೆ ಇನ್ನೊಬ್ಬರಿರಲಿಲ್ಲ.

ಆಟ ಮುಗಿದ ಮೇಲೆ ಚೀಟಿಗಳನ್ನೆಲ್ಲ ಕಸದ ಬುಟ್ಟಿಗೆ ಹಾಕುತ್ತಿದ್ದ ಮೊಮ್ಮಗನಿಂದ ಒಂದನ್ನು ಕೇಳಿ ಪಡೆದೆ. ಇಂಗ್ಲಿಷ್ ಅಕ್ಷರಗಳಲ್ಲಿ ಅವನು ಬರೆದಿದ್ದ 'ಕಾಂಬ'ದ ಕೆಳಗೆ ಕನ್ನಡದಲ್ಲಿ ಬರೆದುಕೊಟ್ಟು ಓದಿಸಿದೆ. ಈಗ ಅದು ನನ್ನ ಮೇಜಿನ ಮೇಲಿದೆ. ಆ ಮಳೆಗಾಲದ ಹುಡುಗ ಇದನ್ನು ಓದುತ್ತಿದ್ದರೆ, ನೆರೆ ನೋಡಲು ಓಡಿದ ಮೇಲೆ ಏನಾಯಿತೆಂದು ಬರೆದು ಕಳುಹಿಸಲಿ. ಅಂದು ನಾನು ಅಲ್ಲಿಯವರೆಗೆ ಓದಲೇ ಇಲ್ಲ.